ಜವರ ದೀಪ ಮಾರಿದ್ದು

ಕೇಳಿ, ಚಿಕ್ಕತಾಯಮ್ಮನಿಗೆ ಇದ್ದವನು ಒಬ್ಬನೇ ಮಗ, ಜವರ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವಳ ಕರ್ಮ!

ಮನೇಲಿ ಕರೆಯೋಕೆ ಹಸು ಇರಲಿಲ್ಲ. ಇದ್ದದ್ದು ಅಜ್ಜಿ ಕಾಲದ ಒಂದು ಕಂಚಿನ ದೀಪ, ಮೈಯೆಲ್ಲಾ ಕಿಲುಬು. ಮನಸ್ಸು ಗಟ್ಟಿಮಾಡಿ ಅದನ್ನ ಮಗನ ಕೈಗಿಟ್ಟಳು.

"ಇದನ್ನ ಮಾರಿ ಒಂದು ಹಸು ತಗೊಂಡು ಬಾ. ಪೇಟೇಲಿ ಹಳೇ ಸಾಮಾನಿನ ಅಂಗಡಿಗಳಿವೆ. ಮೋಸಗಾರರೂ ಇದ್ದಾರೆ, ಮುಖ ನೋಡಿ ವ್ಯಾಪಾರ ಮಾಡು. ಇದು ಹೋದ್ರೆ ಹಸುವಿನ ಆಸೇನೂ ಹೋದ ಹಾಗೆ!"

"ಆಗ್ಲಿ ಕಣವ್ವ!"

ಹೋದ. ಮೊದಲ ಅಂಗಡಿ ಚೆಲುವಯ್ಯಂದು. ಎದುರಿಗೆ ಕೂತು ಅವನ ಮುಖ ನೋಡಿದ. ನೋಡಿದ, ನೋಡಿದ, ನೋಡ್ತಾನೇ ಇದ್ದ. ಚೆಲುವಯ್ಯ ಮೀಸೆ ಒರೆಸಿಕೊಂಡ, ಕನ್ನಡಿ ನೋಡಿಕೊಂಡ, ಕೊನೆಗೆ ರೇಗಿಬಿಟ್ಟ.

"ನನ್ನ ಮೂತೀಲಿ ಕೋತಿ ಕುಣೀತಿದೆಯೇನೋ? ನಡಿ ಆಚೆ!"

ಮನೆಗೆ ಬಂದು ಹೇಳಿದಾಗ ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದ ಮುಂಡೇದೇ! ಯಾರು ನಂಬಿಕಸ್ಥರು ಅಂತ ನಾಲ್ಕು ಜನರನ್ನ ಕೇಳಬೇಕು ಕಣೋ!"

"ಆಗ್ಲಿ ಕಣವ್ವ!"

ಮತ್ತೆ ಹೋದ. ದಾರೀಲಿ ಒಬ್ಬ ಸಿಕ್ಕಿದ, ಕೇಳಲಿಲ್ಲ. ಮೂವರು ಸಿಕ್ಕಿದರು, ಕೇಳಲಿಲ್ಲ. ಆಮೇಲೆ ಸರಿಯಾಗಿ ನಾಲ್ಕು ಜನ ಬಂದರು, ಹೆಗಲ ಮೇಲೆ ಹೆಣದ ಚಟ್ಟ ಹೊತ್ತುಕೊಂಡು. ಜವರ ಅಡ್ಡ ನಿಂತ.

"ಅಣ್ಣಾ, ಹಳೇ ಸಾಮಾನು ತಗೊಳ್ಳೋರಲ್ಲಿ ಯಾರು ಒಳ್ಳೇವ್ರು? ನೀವೂ ಅಲ್ಲಿಗೇ ಹೊರಟಿದ್ದೀರಾ?"

ಬಿತ್ತು ನೋಡಿ, ಬೆನ್ನ ಮೇಲೆ!

"ಥೂ ನಿನ್ನ!" ಅಂದಳು ಅವ್ವ, ಬೆನ್ನಿಗೆ ಎಣ್ಣೆ ತಿಕ್ಕುತ್ತಾ. "ಮುಸುಕು ಹಾಕಿ ಮಲಗಿಸಿದ್ದು ಕಂಡರೆ ಕೈ ಮುಗಿದು, 'ಎಂಥ ಒಳ್ಳೇ ಜೀವ ಹೋಯ್ತಲ್ಲಪ್ಪೋ' ಅಂತ ಅಳಬೇಕು!"

"ಆಗ್ಲಿ ಕಣವ್ವ!"

ಈ ಸಲ ಪೇಟೆ ಸೇರಿದಾಗ ನಡುಮಧ್ಯಾಹ್ನ. ಚೆಲುವಯ್ಯ ಮುಖಕ್ಕೆ ಟವಲು ಹೊದ್ದು ಒರಗಿದ್ದ. ಜವರ ಕೈ ಮುಗಿದ.

"ಎಂಥ ಒಳ್ಳೇ ಜೀವ ಹೋಯ್ತಲ್ಲಪ್ಪೋ!"

ಬೀದಿಗೆ ಬೀದಿಯೇ ಓಡಿಬಂತು.

"ಇವನಾ ಒಳ್ಳೇ ಜೀವ? ನಮ್ಮಜ್ಜಿ ಬೆಳ್ಳಿ ತಟ್ಟೇನ ತಗಡು ಅಂತ ಹೊಡ್ಕೊಂಡ!"

"ನಿನ್ನೆ ಮಾಡಿದ ಕುರ್ಚೀನ ರಾಜರ ಕಾಲದ್ದು ಅಂತ ನನಗೆ ಗಂಟುಹಾಕಿದ!"

"ಪೀಡೆ ತೊಲಗಿತು, ಮೈಸೂರುಪಾಕು ತನ್ರೋ!"

ಚೆಲುವಯ್ಯನಿಗೆ ಎಚ್ಚರವಾಗಿತ್ತು. ಟವಲು ತೆಗೆಯೋ ಧೈರ್ಯ ಬರಲಿಲ್ಲ.

ಇಲ್ಲಿ ಯಾರೂ ಅಳೋರಿಲ್ಲವಲ್ಲ ಅಂತ ಜವರ ಮುಂದೆ ನಡೆದ. ಬೀದಿ ಕೊನೆಯ ಹಳೇ ಸಾಮಾನಿನ ಅಂಗಡೀಲಿ ಮುದುಕ ಗಫಾರ್ ಸಾಬರೂ ಹಾಗೇ ಮುಸುಕು ಹಾಕಿ ನಿದ್ದೆಹೋಗಿದ್ದರು.

"ಎಂಥ ಒಳ್ಳೇ ಜೀವ ಹೋಯ್ತಲ್ಲಪ್ಪೋ!"

ಈಗ ಬೀದಿ ಅಳುತ್ತಾ ಬಂತು. "ಅಯ್ಯೋ ಸಾಬರೇ!" ಅಂತ ಒಬ್ಬಳು ಎದೆ ಬಡಿದುಕೊಂಡಳು. "ನಾನು ಮಾರಿದ ಪೆಟ್ಟಿಗೇಲಿ ಮೂಗುತಿ ಸಿಕ್ತು ಅಂತ ಮನೆ ಹುಡುಕಿ ತಂದುಕೊಟ್ಟ ಪುಣ್ಯಾತ್ಮ!"

ಸಾಬರು ಗಡಬಡಿಸಿ ಎದ್ದು ಕೂತರು. ಎಲ್ಲರ ಅಳು ನೋಡಿ ಅವರ ಕಣ್ಣೂ ತುಂಬಿತು. "ಯಾರಪ್ಪಾ ಹೋದ್ರು, ಪಾಪ?"

ಜನ ಬಿದ್ದು ಬಿದ್ದು ನಕ್ಕರು. ದೀಪ ಯಾರಿಗೆ ಕೊಡಬೇಕು ಅಂತ ಪೆದ್ದನಿಗೂ ಗೊತ್ತಾಯ್ತು!

ಇದನ್ನ ಮಾರಿ ಹಸು ತರಬೇಕು ಅಂದ. ಸಾಬರು ದೀಪ ತಿರುಗಿಸಿ ತಿರುಗಿಸಿ ನೋಡಿದರು. "ಇದಕ್ಕೆ ಹಸುವೇನು, ಕೊಟ್ಟಿಗೇನೂ ಬರುತ್ತಪ್ಪ. ತಿಕ್ಕದೆ ತಂದೆಯಲ್ಲ, ಜಾಣ! ಹಳೇದಾದಷ್ಟೂ ಬೆಲೆ ಜಾಸ್ತಿ. ತೊಳೆದರೆ ಬೆಲೆ ಹೋಯ್ತು, ತಿಳ್ಕೊ."

"ಆಗ್ಲಿ ಸಾಬರೇ!"

ಹಣದ ಗಂಟು ಕಟ್ಟಿಕೊಂಡು ಜವರ ನೇರ ದನದ ಸಂತೆಗೆ ಹೋದ.

ಸಂಜೆ ಊರ ಬೀದೀಲಿ ತಮಟೆ ಸದ್ದು! ಜವರ ರಾಜನ ಹಾಗೆ ಬಂದ. ಹಿಂದೆ ಹಾರ ಹಾಕಿಕೊಂಡ ಹಸು. ಎಲುಬು ಎದ್ದಿತ್ತು, ಮೈಯೆಲ್ಲಾ ಸಗಣಿ ಹೆಪ್ಪುಗಟ್ಟಿತ್ತು.

"ಅವ್ವಾ! ಇಡೀ ಸಂತೇಲಿ ಇದಕ್ಕಿಂತ ಹಳೇದಿಲ್ಲ! ಬಾಯಲ್ಲಿ ಒಂದು ಹಲ್ಲೂ ಇಲ್ಲ! ಮಾರಿದವನು ಎಂಥ ಪೆದ್ದ ಅಂತೀಯ, ಬಿಡಿಗಾಸಿಗೆ ಕೊಟ್ಟುಬಿಟ್ಟ!"

ಅವ್ವ ಗಂಟು ಈಸಿಕೊಂಡಳು. ಭಾರವಾಗಿತ್ತು! ಒಳ್ಳೇ ಹಸು ಇನ್ನೂ ಬರುತ್ತೆ, ಕೊಟ್ಟಿಗೇನೂ ಏಳುತ್ತೆ! ಬೈಯೋಕೆ ಬಾಯಿ ತೆರೆದವಳಿಗೆ ನಗು ಬಂತು. ಆ ಮುದಿಹಸುವಿನ ಮೈ ತೊಳೆಯೋಣ ಅಂತ ಬಿಂದಿಗೆ ಎತ್ತಿದಳು.

ಜವರ ಹಸುವನ್ನ ತಬ್ಬಿಕೊಂಡು ಕಿರುಚಿದ.

"ತೊಳೀಬೇಡವ್ವೋ! ಬೆಲೆ ಹೋಗುತ್ತೆ!"