ದಿನಕ್ಕೊಬ್ಬಳು ಮದುಮಗಳು

"ಗುರುಗಳೇ, ಬ್ಯೂಟಿಷಿಯನ್ ಕೋರ್ಸಿಗೆ ಸೇರಲೋ, ಬೇಡವೋ?" ಎಂದು ಶಿಷ್ಯೆ ದಾಕ್ಷಾಯಣಿ ಕೇಳಿದಳು. "ಒಂದು ವರ್ಷದ ಓದು. ಶುಲ್ಕ ಕಟ್ಟಬೇಕಾದರೆ ಅಮ್ಮನ ಎರಡೆಳೆ ಸರ ಮಾರಬೇಕು. ಆದರೆ ಮದುಮಗಳ ಅಲಂಕಾರವೊಂದಕ್ಕೇ ಈಗ ಕೈತುಂಬ ಕೊಡುತ್ತಾರೆ. ದಿನಕ್ಕೊಬ್ಬಳು ಮದುಮಗಳು ಸಿಕ್ಕರೂ ಸಾಕು, ಮೂರು ತಿಂಗಳಿಗೆ ಸರ ಮತ್ತೆ ಅಮ್ಮನ ಕೊರಳಿಗೆ ಬರುತ್ತದೆ. ಲೆಕ್ಕ ಹಾಕಿಕೊಂಡೇ ಬಂದಿದ್ದೇನೆ."

ಅವಳು ಚಾಚಿದ ಚೀಟಿಯನ್ನು ಗುರುಗಳು ತೆಗೆದುಕೊಳ್ಳಲಿಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಹಾಲು ಮಾರುವ ಹೆಂಗಸೊಬ್ಬಳಿದ್ದಳು. ಮನೆಯಲ್ಲಿ ಅವಳು, ಅವಳ ಅತ್ತೆ, ಎರಡು ಎಮ್ಮೆ. ಇಬ್ಬರ ಹೊಟ್ಟೆಯೂ ಆ ಎರಡು ಕೆಚ್ಚಲುಗಳನ್ನೇ ನಂಬಿಕೊಂಡಿತ್ತು.

ಒಮ್ಮೆ ಅವಳು ಮದುವೆಮನೆಗೆ ಮೊಸರು ಕೊಡಲು ಹೋದಳು. ಪಟ್ಟಣದಿಂದ ಬಂದ ಹೆಂಗಸೊಬ್ಬಳು ಮದುಮಗಳಿಗೆ ಜಡೆ ಹೆಣೆದು, ಕಾಡಿಗೆ ತೀಡಿ, ಒಂದು ವರಹ ಸೊಂಟಕ್ಕೆ ಸಿಕ್ಕಿಸಿಕೊಂಡು, ಊಟವನ್ನೂ ಮುಗಿಸಿಕೊಂಡು ಹೋದಳು. ಅಷ್ಟು ದುಡ್ಡಿಗೆ ಹಾಲಿನವಳು ಹದಿನೈದು ದಿನ ಸಗಣಿ ಬಾಚಬೇಕಿತ್ತು. ಮನೆಗೆ ಬಂದವಳಿಗೆ ಎಮ್ಮೆಗಳ ಮುಖ ನೋಡಲೂ ಬೇಸರವಾಯಿತು.

ಪಟ್ಟಣದಲ್ಲಿ ಸಿಂಗಾರ ಕಲಿಸುವ ಶಾಲೆಯೊಂದಿತ್ತು. ಒಂದು ವರ್ಷದ ಕಲಿಕೆಗೆ ಅರವತ್ತು ವರಹ. ಎಂದರೆ ಸರಿಯಾಗಿ ಎರಡು ಎಮ್ಮೆ.

"ದಿನಕ್ಕೊಬ್ಬಳು ಮದುಮಗಳು ಅಂದರೂ ಎರಡೇ ತಿಂಗಳು ಅತ್ತೆ, ಎರಡೂ ಎಮ್ಮೆ ಕೊಟ್ಟಿಗೆಗೆ ವಾಪಸು. ಆಮೇಲೆ ಬಂದದ್ದೆಲ್ಲ ಲಾಭ."

"ಎಮ್ಮೆಗೆ ಹಿಂಡಿ ಹಾಕಿದರೆ ಹಾಲು ಕೊಡುತ್ತೆ. ನೀನು ಆ ಶಾಲೆಗೆ ಎಮ್ಮೆಯನ್ನೇ ಹಾಕ್ತೀನಿ ಅಂತೀಯಲ್ಲೇ, ಅದೇನು ಕೊಡುತ್ತೆ?"

"ಮೊಹರು ಒತ್ತಿದ ಓಲೆ ಕೊಡ್ತಾರೆ ಅತ್ತೆ."

"ಅದನ್ನ ಹಿಂಡೋಕಾಗುತ್ತೇನೇ?"

ಸೊಸೆ ಎಮ್ಮೆಗಳನ್ನು ಹೊಡೆದುಕೊಂಡು ಸಂತೆಗೆ ಹೋದಳು.

ಶಾಲೆಯಲ್ಲಿ ಅವಳು ಹದಿನೆಂಟು ಬಗೆಯ ಜಡೆ ಕಲಿತಳು. ವರ್ಷವಿಡೀ ಮದುಮಗಳದ್ದೇ ಪಾಠ. ಕೊನೆಯ ದಿನ, ಎಲ್ಲರೂ ಗಂಟುಮೂಟೆ ಕಟ್ಟುತ್ತಿದ್ದಾಗ, ಮದರಂಗಿಯನ್ನೂ ನೀಲಿ ಸೊಪ್ಪನ್ನೂ ಅರೆದು ನರೆಗೂದಲು ಕಪ್ಪಾಗಿಸುವುದನ್ನು ಅರ್ಧ ಗಳಿಗೆಯಲ್ಲಿ ಹೇಳಿಕೊಟ್ಟರು. ಅವಳು ಅದನ್ನು ಆಕಳಿಸುತ್ತ ಕೇಳಿದಳು.

ಅವಳು ಊರಿಗೆ ಬಂದ ದಿನವೇ ಆಷಾಢ ಹುಟ್ಟಿತು. ಒಂದು ತಿಂಗಳು ಊರಿನಲ್ಲಿ ಎಲ್ಲೂ ಓಲಗದ ಸದ್ದಿಲ್ಲ. ಅತ್ತೆ ಖಾಲಿ ಕೊಟ್ಟಿಗೆಯ ಮುಂದೆ ಕುಳಿತು, "ಎಮ್ಮೆಗೆ ಆಷಾಢ ಇರಲಿಲ್ಲ ಕಣೇ" ಎನ್ನುವಳು. ದಿನಕ್ಕೊಂದೇ ಸಲ ಎನ್ನುವಳು. ಆದರೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಶ್ರಾವಣ ಬಂತು. ಜೋಯಿಸರು ಪಂಚಾಂಗ ಬಿಡಿಸಿದರು. ಒಂದೇ ಶುಕ್ರವಾರ, ಒಂದೇ ಲಗ್ನ, ಹನ್ನೊಂದು ಮದುವೆ. ಹನ್ನೊಂದು ಮನೆಯವರೂ ಅವಳಿಗೇ ಹೇಳಿಕಳಿಸಿದರು. ತಿಂಗಳಿಡೀ ಅತ್ತೆಯ ಮಾತು ತಿಂದಿದ್ದವಳು, ಹನ್ನೊಂದಕ್ಕೂ ಹೂಂ ಎಂದಳು.

ಮೊದಲ ಮದುಮಗಳು ದೇವಿಯಂತೆ ಕಂಡಳು. ಎರಡನೆಯವಳಿಗೆ ಅರ್ಧ ಜಡೆಯಾಯಿತು, ಉಳಿದರ್ಧವನ್ನು ಸೆರಗು ಮುಚ್ಚಿತು. ಮೂರನೆಯ ಮನೆಗೆ ಏದುಸಿರು ಬಿಡುತ್ತ ಹೋದಾಗ ತಾಳಿ ಕಟ್ಟಿಯಾಗಿತ್ತು. ಮದುಮಗಳು ಪಂಕ್ತಿಯಲ್ಲಿ ಕುಳಿತು ಹೋಳಿಗೆ ತಿನ್ನುತ್ತಿದ್ದಳು. ಉಳಿದ ಎಂಟು ಮನೆಗಳ ಬೀದಿಗೆ ಅವಳು ಆಮೇಲೆ ಬಹಳ ದಿನ ಕಾಲಿಡಲಿಲ್ಲ. ಮುಂದಿನ ಮುಹೂರ್ತವಿದ್ದದ್ದು ಇಪ್ಪತ್ತು ದಿನಗಳ ಮೇಲೆ.

ಅವಳು ನೆಟ್ಟಗೆ ಜೋಯಿಸರ ಮನೆಗೆ ಹೋದಳು.

"ಸ್ವಾಮಿ, ಹನ್ನೊಂದು ಮದುವೆಯನ್ನೂ ಒಂದೇ ದಿನಕ್ಕೆ ತುರುಕಿದಿರಲ್ಲ. ದಿನಕ್ಕೊಂದರಂತೆ ಹಂಚಬಾರದಿತ್ತೇ? ನನ್ನದು ಎರಡೆಮ್ಮೆ ಹೋಗಿದೆ."

"ಏನು ಮಾಡಲಮ್ಮಾ," ಎಂದರು ಜೋಯಿಸರು. "ನಾನೂ ಇರುವುದು ಒಬ್ಬನೇ. ಹನ್ನೊಂದು ಮನೆಯಲ್ಲೂ ಮಂತ್ರ ಹೇಳಲು ನನ್ನಿಂದಾಯಿತೇ? ಹಸಿವು ದಿನಾ ಬರುತ್ತದೆ, ಮುಹೂರ್ತ ಬರುವುದಿಲ್ಲ."

ಅವಳು ಎದ್ದು ಹೊರಟಳು. ಜೋಯಿಸರು ಅತ್ತಿತ್ತ ನೋಡಿ ಬಾಗಿಲು ಮುಂದಕ್ಕೆ ತಳ್ಳಿದರು. ತಲೆಯ ವಸ್ತ್ರ ಬಿಚ್ಚಿದರು. ಜುಟ್ಟು ಹತ್ತಿಯಂತೆ ಬೆಳ್ಳಗಿತ್ತು.

"ಮುದುಕನಿಗೆ ಮಂತ್ರ ಮರೆತೀತು ಅಂತ ಈಚೆಗೆ ಜನ ಪಕ್ಕದೂರಿನ ಹುಡುಗನನ್ನು ಕರೆಸುತ್ತಾರೆ. ಆ ಶಾಲೆಯಲ್ಲಿ ಇದಕ್ಕೇನಾದರೂ ಹೇಳಿಕೊಟ್ಟರೇನಮ್ಮಾ?"

ಅವಳು ಆಕಳಿಸುತ್ತ ಕೇಳಿದ್ದನ್ನು ಕಷ್ಟಪಟ್ಟು ನೆನಪಿಸಿಕೊಂಡಳು. ಸೊಪ್ಪು ಅರೆದಳು. ಮರುದಿನ ಊರವರು ಜೋಯಿಸರನ್ನು ನೋಡಿ, ಇವರಿಗೆ ಹೊಸ ಹೆಂಡತಿ ಬಂದಳೇ ಎಂದು ಕೇಳಿದರು.

ಜೋಯಿಸರು ಯಾರಿಗೂ ಹೇಳಲಿಲ್ಲ. ಯಾರಿಗೂ ಹೇಳದ ಸುದ್ದಿ ಹರಡುವಂತೆ ಅದೂ ಹರಡಿತು. ಶ್ಯಾನುಭೋಗರು ಬಂದರು. ಗೌಡರ ಹೆಂಡತಿ ಬಂದಳು. ಮೂರನೆಯ ಮದುವೆಗೆ ಹೆಣ್ಣು ಹುಡುಕುತ್ತಿದ್ದ ಬಟ್ಟೆ ವರ್ತಕ ಬಂದ. ಎಲ್ಲರೂ ಹಿತ್ತಿಲ ಬಾಗಿಲಿನಿಂದಲೇ. ಅಲ್ಲಿ ಇಬ್ಬರು ಎದುರುಬದುರಾದರೆ, ಇಬ್ಬರೂ ಮೊಸರಿಗೆ ಬಂದೆವು ಎನ್ನುವರು. ಆ ಮನೆಯಲ್ಲಿ ಎಮ್ಮೆಯಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ನರೆಗೆ ಲಗ್ನ ನೋಡಬೇಕಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಅದು ಬುಡದಿಂದ ಇಣುಕುತ್ತದೆ, ಒಬ್ಬೊಬ್ಬರದು ಒಂದೊಂದು ದಿನ. ಆದರೆ ಜಡೆಗೆ ಕೊಡುವಷ್ಟನ್ನು ನರೆಗೆ ಯಾರೂ ಕೊಡುವುದಿಲ್ಲ. ಎರಡು ತಿಂಗಳಿಗೆ ಬರಬೇಕಾಗಿದ್ದ ಎಮ್ಮೆಗಳಲ್ಲಿ ಮೊದಲನೆಯದು ಬರಲು ಒಂದೂವರೆ ವರ್ಷ ಹಿಡಿಯಿತು. ಎರಡನೆಯದು ಮೂರನೆಯ ವರ್ಷದಲ್ಲಿ ಬಂತು. ಅಂದು ಅತ್ತೆ ಎಮ್ಮೆಯ ಹಣೆಗೆ ಕುಂಕುಮವಿಟ್ಟಳು. ಆಮೇಲೆ ಒಳಗೆ ಬಂದು, ಕದ ಹಾಕಿ, ಸೊಸೆಯ ಮುಂದೆ ತಲೆಯೊಡ್ಡಿ ಕುಳಿತಳು.

ಕತೆ ಮುಗಿಯಿತು. ದಾಕ್ಷಾಯಣಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದಳು.

"ಆ ಊರಿಗೆ ಸರಿಹೋಯಿತು ಗುರುಗಳೇ. ಆದರೆ ನಮ್ಮ ಕಡೆ ಬಣ್ಣ ಹಚ್ಚಿಕೊಳ್ಳುವವರು ಯಾರಿದ್ದಾರೆ? ನಾನು ದಿನಾ ಎಲ್ಲರನ್ನೂ ನೋಡುತ್ತೇನೆ. ಇದ್ದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ?"

ಗುರುಗಳು ತಮ್ಮ ಕಡುಗಪ್ಪು ಗಡ್ಡವನ್ನು ಮೆಲ್ಲಗೆ ನೇವರಿಸಿಕೊಂಡರು.

"ಬರುವ ಸೋಮವಾರಕ್ಕೆ ನನಗೆ ಎಪ್ಪತ್ತೆಂಟು ತುಂಬುತ್ತದೆ, ಮಗಳೇ."