ನದಿಯಾಚೆಯ ರಾಝಿಕ್

ನದಿದಂಡೆಯ ಮಸೀದಿಯಲ್ಲಿ ಉಮ್ಮರಬ್ಬ ಉಸ್ತಾದರ ಬಳಿ ನಿಹಾದ್ ಎಂಬ ಯುವಕ ಓದುತ್ತಿದ್ದ. ನಾಡಿನ ಹುಡುಗರನ್ನೆಲ್ಲ ದೀನಿನ, ಅಂದರೆ ಧರ್ಮದ, ದಾರಿಗೆ ತರಬೇಕೆಂದು ಹಟ ತೊಟ್ಟಿದ್ದ. ದಿನವೂ ಫೋನಿನ ಮುಂದೆ ನಿಂತು ಪ್ರವಚನ ಮಾಡಿ ವಿಡಿಯೋ ಹಾಕುತ್ತಿದ್ದ. ಸಾವಿರಾರು ಜನ ನೋಡುತ್ತಿದ್ದರು.

ಒಂದು ದಿನ ಉಸ್ತಾದರು ಕೇಳಿದರು: "ನೋಡಿದವರು ಏನು ಬರೆಯುತ್ತಾರೆ? ಓದು."

"ಮಾಶಾ ಅಲ್ಲಾಹ್" ಎಂಬ ಮೆಚ್ಚುಗೆಯೇ ಸಾಲುಸಾಲು. ನಿಹಾದ್ ಉತ್ಸಾಹದಿಂದ ಓದುತ್ತ ಹೋದ. ನಡುವೆ ಒಂದು ಬಂತು: "ನನ್ನಿಂದ ತಮ್ಮ ಸತ್ತ. ನನ್ನ ನಮಾಝ್ ಸ್ವೀಕಾರ ಆಗುತ್ತಾ?"

"ಏನು ಉತ್ತರ ಕೊಟ್ಟೆ?"

"ಹೃದಯದ ಚಿಹ್ನೆ ಒತ್ತಿದೆ, ಉಸ್ತಾದ್. ಎಲ್ಲರಿಗೂ ಒತ್ತುತ್ತೇನೆ."

ಉಸ್ತಾದರು ಎದ್ದು ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ?"

"ಅವನಿರುವಲ್ಲಿಗೆ. ಎಲ್ಲಿದ್ದಾನೆ, ಕೇಳು."

ಬರೆದವನ ಹೆಸರು ರಾಝಿಕ್. ನದಿಯಾಚೆಯ ಬೇಕರಿಯಲ್ಲಿ ಕೆಲಸ. ಇಬ್ಬರೂ ದೋಣಿ ಹತ್ತಿದರು.

ರಾಝಿಕ್ ಅವರನ್ನು ಬೇಕರಿಯ ಹಿಂದೆ ಮೈದಾಚೀಲಗಳ ಮೇಲೆ ಕೂರಿಸಿದ. ನಿಹಾದ್ ಗಂಟಲು ಸರಿಮಾಡಿಕೊಂಡು, "ನೋಡು ಸಹೋದರ, ಅಲ್ಲಾಹನ ಕರುಣೆ..." ಎಂದು ಶುರುಮಾಡಿದ. ಉಸ್ತಾದರು ನಿಹಾದನ ತೊಡೆಯ ಮೇಲೆ ಕೈಯಿಟ್ಟು ತಡೆದರು.

"ತಮ್ಮನ ಹೆಸರೇನು ಮಗಾ?" ಎಂದು ರಾಝಿಕ್‌ನನ್ನು ಕೇಳಿದರು.

"ಝಿಶಾನ್" ಎಂದವನೇ ರಾಝಿಕ್ ಬಿಕ್ಕಿದ. ಬೈಕ್ ಓಡಿಸುತ್ತಿದ್ದವನು ತಾನು. ಮೆಲ್ಲಗೆ ಹೋಗು ಎಂದು ತಮ್ಮ ಹಿಂದಿನಿಂದ ಕೂಗಿದ್ದ. ತಾನು ಕೇಳಲಿಲ್ಲ, ಬೈಕ್ ಉರುಳಿತು. ತಮ್ಮನನ್ನು ದಫನ ಮಾಡಿದ ದಿನದಿಂದ ಮಸೀದಿಯ ಮೆಟ್ಟಿಲು ಹತ್ತಿಲ್ಲ.

ಅವನು ಹೇಳುತ್ತಲೇ ಇದ್ದ. ಉಸ್ತಾದರು ಕೇಳುತ್ತಲೇ ಇದ್ದರು. ಅಷ್ಟರಲ್ಲಿ ಹತ್ತಿರದ ಮಸೀದಿಯಿಂದ ಸಂಜೆಯ ಅಸರ್ ನಮಾಝಿನ ಬಾಂಗ್ ಕೇಳಿಸಿತು.

"ನನ್ನ ನಮಾಝ್ ಸ್ವೀಕಾರ ಆಗುತ್ತಾ, ಉಸ್ತಾದ್?"

"ನನ್ನ ಮಂಡಿ ನೋಯುತ್ತಿದೆ. ನಿನ್ನ ಹೆಗಲು ಕೊಡು. ಮಸೀದಿವರೆಗೆ ಬಿಡು."

ಮಸೀದಿಯ ಬಾಗಿಲಲ್ಲಿ ರಾಝಿಕ್ ತಡೆದು ನಿಂತ. ಉಸ್ತಾದರು ಹೆಗಲ ಮೇಲಿನ ಕೈ ತೆಗೆಯಲಿಲ್ಲ. ಅವನೂ ಒಳಗೆ ಬಂದ. ಅವರ ಪಕ್ಕದಲ್ಲೇ ನಿಂತು ನಮಾಝ್ ಮಾಡಿದ.

ಮರಳುವಾಗ ದೋಣಿಯಲ್ಲಿ ನಿಹಾದ್ ಹೇಳಿದ: "ಹೆಸರು ಬಿಟ್ಟು ಈ ಸಂಗತಿಯನ್ನು ನಾಳೆ ಹೇಳಲೇ? ಎಷ್ಟೋ ಹುಡುಗರ ಮನಸ್ಸು ತಿರುಗುತ್ತದೆ."

"ಅವನು ಅದನ್ನು ಯಾರಿಗೆ ಹೇಳಿದ?"

"ನಮಗೆ."

"ಹಾಗಾದರೆ ತಲುಪಬೇಕಾದಲ್ಲಿಗೆ ತಲುಪಿತು."

ದಡ ಹತ್ತಿರವಾದಾಗ ನಿಹಾದ್ ಗಟ್ಟಿಯಾಗಿ ಹೇಳಿದ: "ನಿರ್ಧಾರ ಮಾಡಿದೆ, ಉಸ್ತಾದ್. ಇನ್ನು ವಿಡಿಯೋ ಮಾಡುವುದಿಲ್ಲ."

"ಮಾಡು ಮಗಾ. ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತಿರು. ಯಾರು ಏನು ಬರೆದರು, ಓದು."