ಸಾಹೇಬರ ಅತ್ತೆಯ ಮಿಕ್ಸಿ

ಹತ್ತಿರ ಬಾರೇ, ಯಾರಿಗೂ ಹೇಳಬೇಡ. ಪಕ್ಕದ ಮನೆ ವನಜಾಕ್ಷಿ ಮಿಕ್ಸಿ ಕಂಪನಿಯ ಕಾಲ್ ಸೆಂಟರಿನಲ್ಲಿದ್ದಾಳಲ್ಲ, ಅವಳಿಗೆ ಸಾಹೇಬ ಗದರಿದನಂತೆ: ‘ದೂರಿನ ಫೋನು ಒಂದಾದರೂ ನನ್ನ ಮೇಜಿಗೆ ಬಂದರೆ ನಿನ್ನ ಕೆಲಸ ಹೋಯಿತು. ಯಾರೇ ಆಗಲಿ, ಹಾಡು ಹಾಕಿ ಕಾಯಿಸು.’

ಮಾರನೆಯ ದಿನ ಫೋನು ಮಾಡಿದ್ದು ಅವನ ಅತ್ತೆಯೇ! ಹೊಸ ಮಿಕ್ಸಿ ಕೆಟ್ಟಿತ್ತು. ‘ನಿಮ್ಮ ಸಾಹೇಬ ನನ್ನ ಅಳಿಯ, ಕೊಡೇ ಅವನಿಗೆ’ ಅಂದರಂತೆ.

ಇವಳು ಮೆತ್ತಗೆ, ‘ಯಾರೇ ಆಗಲಿ ಕಾಯಿಸು ಅಂತ ಅವರದೇ ಅಪ್ಪಣೆ ಅಮ್ಮಾ’ ಅಂದು ಹಾಡು ಹಾಕಿದಳು. ಅರ್ಧ ಗಂಟೆ ಹಾಡು ಕೇಳಿದ ಆಯಮ್ಮ, ಅರ್ಧ ಅರೆದ ಚಟ್ನಿ ಸಮೇತ ಮಿಕ್ಸಿ ತಂದು ಅಳಿಯನ ಮೇಜಿನ ಮೇಲೆ ಕುಕ್ಕಿದರಂತೆ. ಅಂದಿನಿಂದ ದೂರಿನ ಫೋನೆಲ್ಲ ಸಾಹೇಬನಿಗೇ.

‘ಬೇಕೆಂದೇ ಮಾಡಿದೆಯೇನೇ?’ ಅಂತ ಕೇಳಿದೆ. ವನಜಾಕ್ಷಿ ನನ್ನ ಮುಖಕ್ಕೇ ಹೇಳಿದಳು: ‘ಅಜ್ಜಿ, ನಾನು ದೂರನ್ನು ಸೇರಬೇಕಾದ ಒಬ್ಬರಿಗೆ ಸೇರಿಸಿದೆ. ನೀವು ಆ ಒಬ್ಬರನ್ನು ಬಿಟ್ಟು ಕೇರಿಗೆಲ್ಲ ಸೇರಿಸುತ್ತೀರಿ.’